ರಟ್ಟೆಯ ಲೆಕ್ಕ

ಮೈ ಕಟ್ಟುವ ಸಂಕಲ್ಪಕ್ಕೆ ಎರಡು ಮುಹೂರ್ತಗಳು ಪ್ರಶಸ್ತ: ಜನವರಿ 1 ಮತ್ತು ನಿಶ್ಚಿತಾರ್ಥದ ಮಾರನೆಯ ದಿನ. ಎರಡರಲ್ಲೂ ಗುರಿ ಒಂದೇ. ಮೂರು ತಿಂಗಳಲ್ಲಿ ಹತ್ತು ಕಿಲೋ ಸ್ನಾಯು, ಅದರಲ್ಲಿ ಒಂದು ಗ್ರಾಮೂ ಹೊಟ್ಟೆಯ ಕಡೆಗೆ ಹೋಗಬಾರದು. ಈ ಕರಾರಿಗೆ ದೇಹ ಸಹಿ ಹಾಕಿರುವುದಿಲ್ಲ. ಹೊಸದಾಗಿ ಭಾರ ಎತ್ತಲು ತೊಡಗಿದ ಗಂಡಸು ಸರಿಯಾಗಿ ಉಂಡು, ನಿದ್ದೆ ಮಾಡಿ, ವ್ಯಾಯಾಮ ತಪ್ಪಿಸದಿದ್ದರೆ ತಿಂಗಳಿಗೆ ಸುಮಾರು ಅರ್ಧದಿಂದ ಒಂದು ಕಿಲೋ ಸ್ನಾಯು ಗಳಿಸಬಹುದು. ಹೆಂಗಸರಿಗೆ ಸುಮಾರು ಅದರ ಅರ್ಧ. ಎರಡನೆಯ ವರ್ಷಕ್ಕೆ ಈ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಮೂರು ತಿಂಗಳಿಗೆ ಎರಡು ಕಿಲೋ ಎಂದರೆ ಗೌರವದ ಫಲಿತಾಂಶವೇ. ಆ ಎರಡು ಕಿಲೋ ಮದುವೆಯ ಕೋಟು ಹೊಲಿಯುವ ದರ್ಜಿಗೆ ಗೊತ್ತಾಗುತ್ತದೆ, ಬೀಗರಿಗೆ ಗೊತ್ತಾಗುವುದಿಲ್ಲ.

ಮೊದಲ ಕೆಲವು ವಾರ ಇನ್ನೊಂದು ವಿಚಿತ್ರ ನಡೆಯುತ್ತದೆ. ಎತ್ತುವ ಭಾರ ಏರುತ್ತಲೇ ಹೋಗುತ್ತದೆ, ತೋಳು ಮಾತ್ರ ಇದ್ದಂತೆಯೇ ಇರುತ್ತದೆ. ಆಗ ಬಲಿಯುತ್ತಿರುವುದು ಸ್ನಾಯುವಿಗಿಂತ ಹೆಚ್ಚಾಗಿ ನರಗಳ ಚಾಕಚಕ್ಯತೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಕುರ್ಚಿಯಲ್ಲಿ ಕಾಣದ ನೌಕರರಂತಿದ್ದ ಸ್ನಾಯುತಂತುಗಳನ್ನು ನರಮಂಡಲ ಕರೆದು ಕೆಲಸಕ್ಕೆ ಹಚ್ಚುತ್ತದೆ. ಹೊಸ ನೇಮಕಾತಿ ಆಮೇಲಿನ ಮಾತು. ಇದನ್ನರಿಯದವರು ಆರನೆಯ ವಾರದಲ್ಲಿ ಕನ್ನಡಿ ನೋಡಿ ಮುನಿಸಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿಸಿಕೊಳ್ಳುವ ಜಿಮ್ಮುಗಳಿಗೆ ಈ ಶಾಸ್ತ್ರ ಚೆನ್ನಾಗಿ ಗೊತ್ತು.

ಗರಡಿಮನೆಯಲ್ಲಿ ಅಳತೆಯ ತಂಟೆ ಕಡಿಮೆಯಿತ್ತು. ದಂಡೆ ಎಷ್ಟು, ಬಸ್ಕಿ ಎಷ್ಟು, ಯಾವ ಗದೆ ಎತ್ತಿದ ಎಂಬುದೇ ಲೆಕ್ಕ. ಉಳಿದದ್ದು ಉಸ್ತಾದರ ಕಣ್ಣಿಗೆ ಬಿಟ್ಟದ್ದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಪ್ರಗತಿಯನ್ನು ಊರೇ ನೋಡುತ್ತದೆ. ಹೋದ ವರ್ಷ ಮೊಣಕಾಲಿನ ತನಕ ಬಂದ ಕಲ್ಲು ಈ ವರ್ಷ ಹೆಗಲಿಗೆ ಬಂತೋ ಇಲ್ಲವೋ, ಅಷ್ಟೆ. ಬೆಂಗಳೂರಿನ ವ್ಯಾಯಾಮಪಟು ಕೆ.ವಿ. ಅಯ್ಯರ್ ಅವರ ಕಾಲಕ್ಕೆ ಕಸರತ್ತು ಪುಸ್ತಕವನ್ನೂ ಅಂಚೆಯನ್ನೂ ಏರಿತು. 1930ರಲ್ಲಿ ‘ಮಸಲ್ ಕಲ್ಟ್’ ಬರೆದ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಕನ್ನಡದಲ್ಲಿ ಲೇಖಕರ ರಟ್ಟೆಯ ಬಗ್ಗೆ ವಿಮರ್ಶಕರು ಎಚ್ಚರ ವಹಿಸಬೇಕಾಗಿದ್ದ ಪ್ರಸಂಗ ಬಹುಶಃ ಇದೊಂದೇ. ಅಂಚೆಯಲ್ಲಿ ಕಸರತ್ತು ಕಲಿಯುವವನಿಗೆ ಉಸ್ತಾದರ ಕಣ್ಣು ಸಿಗದು. ಅಳತೆ ಅವನ ಕೈಗೇ ಬಂತು, ಜೊತೆಗೆ ಅಳತೆಯಲ್ಲಿ ತನಗೆ ತಾನೇ ಮೋಸ ಮಾಡಿಕೊಳ್ಳುವ ಸೌಕರ್ಯವೂ.

ಈ ಸೌಕರ್ಯಕ್ಕೆ ಸಲಕರಣೆಗಳು ಹಲವು. ತೂಕದ ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಏನನ್ನು ತೂಗಿದೆ ಎಂಬುದನ್ನೂ ಹೇಳುವುದಿಲ್ಲ. ಹಬ್ಬದ ಮರುದಿನ ಅದು ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಅದರಲ್ಲಿ ಹೋಳಿಗೆ, ಹಪ್ಪಳದ ಉಪ್ಪು, ಉಪ್ಪು ಹಿಡಿದಿಟ್ಟ ನೀರು ಎಲ್ಲ ಸೇರಿರುತ್ತವೆ. ಸ್ನಾಯುವಿನಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ ಕೂಡ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಗಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಪಕ್ಕದಲ್ಲಿಡುವುದು ಸರಿಯಾದ ಕ್ರಮ. ಟೇಪಿನ ಅಳತೆ ತಿಂಗಳಿಗೊಮ್ಮೆ ಸಾಕು. ತೋಳಿನ ಅದೇ ಜಾಗ, ಅದೇ ಬಿಗಿ, ಮುಖ್ಯವಾಗಿ ವ್ಯಾಯಾಮಕ್ಕೆ ಮುಂಚೆ. ಭಾರ ಎತ್ತಿದ ಮೇಲೆ ರಕ್ತ ನುಗ್ಗಿ ತೋಳು ಕೆಲಹೊತ್ತು ಉಬ್ಬಿರುತ್ತದೆ. ಜಿಮ್ಮಿನ ಕನ್ನಡಿಯ ಮುಂದೆ ತೆಗೆದ ಫೋಟೋಗಳೆಲ್ಲ ಆ ಹೊತ್ತಿನವೇ. ಬರಿಗಾಲಲ್ಲಿ ನಿಲ್ಲಿಸಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಚೀಟಿ ಕೊಡುವ ಯಂತ್ರ ಮೈಯಲ್ಲಿ ಸಣ್ಣ ವಿದ್ಯುತ್ತು ಹರಿಸಿ ಅಂದಾಜು ಕಟ್ಟುತ್ತದೆ. ಕುಡಿದ ನೀರಿಗೂ ಅದರ ಭವಿಷ್ಯವಾಣಿ ಬದಲಾಗುತ್ತದೆ.

ಊಟದ ಲೆಕ್ಕ ಇನ್ನೂ ತೊಡಕಿನದು. ಸ್ನಾಯು ಬೆಳೆಸಲು ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕೆಂಬುದು ಈಗ ಚಾಲ್ತಿಯಲ್ಲಿರುವ ಅಂದಾಜು. ಅರವತ್ತು ಕಿಲೋ ಮನುಷ್ಯನಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 7. ಮುದ್ದೆ ತಿಂದು ಮುದ್ದೆಯಂಥ ರಟ್ಟೆ ಬರಿಸುವ ಆಸೆ ಇಲ್ಲಿಗೆ ಸಡಿಲವಾಗುತ್ತದೆ. ತೊಗರಿಬೇಳೆಯಲ್ಲಿ 100 ಗ್ರಾಂಗೆ 22ರಷ್ಟಿದೆ ಎಂಬುದು ಸಂತೋಷದ ಸುದ್ದಿಯೇ, ಆದರೆ ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಬಸ್ಸಾರಿನ ಭಕ್ತರ ಪಾಡು ಇನ್ನೂ ಕಷ್ಟ: ಕಟ್ಟು ಬಸಿದು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ ಉಳಿಯುತ್ತದೆ. ಪಲ್ಯ ಪಕ್ಕಕ್ಕೆ ಸರಿಸಿ ಸಾರನ್ನೇ ಎರಡು ಸಲ ಬಡಿಸಿಕೊಂಡವನು ಹೆಚ್ಚಿನ ಸ್ನಾಯುವನ್ನು ತಟ್ಟೆಯಲ್ಲೇ ಬಿಟ್ಟೆದ್ದಂತೆ.

ಇಷ್ಟರ ನಡುವೆ ನಂಬಬಹುದಾದ ದಾಖಲೆ ಒಂದೇ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು. ತಾರೀಖು, ಎತ್ತಿದ ಭಾರ, ಎಷ್ಟು ಸಲ ಎಂಬುದಿಷ್ಟೇ ಅದರಲ್ಲಿ. ಈ ವಾರ 40 ಕಿಲೋ ಎಂಟು ಸಲ, ಮುಂದೆ ಒಂಬತ್ತು. ಹನ್ನೆರಡು ಮುಟ್ಟಿದಾಗ ಎರಡೂವರೆ ಕಿಲೋ ಏರಿಸಿ ಮತ್ತೆ ಎಂಟರಿಂದ. ರಟ್ಟೆ ಹದಿನಾರು ಇಂಚಾಗಲಿ ಎಂಬುದು ಹರಕೆ. ವಾರಕ್ಕೆ ಮೂರು ದಿನ ಹೋಗುವುದು, ಪುಸ್ತಕದ ಹಿಂದಿನ ಸಾಲಿಗಿಂತ ಒಂದು ಸಲ ಹೆಚ್ಚು ಎತ್ತುವುದು ಗುರಿ, ಏಕೆಂದರೆ ಅವು ಎತ್ತುವವನ ಕೈಯಲ್ಲಿವೆ. ಮೂರು ನಾಲ್ಕು ವಾರ ಸಾಲುಗಳು ಕದಲದಿದ್ದರೆ ನಿದ್ದೆ, ಊಟಗಳನ್ನು ವಿಚಾರಿಸಬೇಕು. ಹೆಚ್ಚಿನವರು ವಿಚಾರಿಸುವುದು ಪೌಡರ್ ಡಬ್ಬಿಯ ಬೆಲೆಯನ್ನು.

ವಯಸ್ಸಾದವರ ಲೆಕ್ಕ ಬೇರೆ. ನಡುವಯಸ್ಸಿನಿಂದ ಸ್ನಾಯು ತಾನಾಗಿ ಕರಗತೊಡಗುವುದರಿಂದ, ಅರವತ್ತು ದಾಟಿದವರಿಗೆ ಇದ್ದದ್ದನ್ನು ಉಳಿಸಿಕೊಂಡರೂ ಗಳಿಕೆಯೇ. ಅವರಿಗೆ ಟೇಪು ಬೇಕಿಲ್ಲ. ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುವರೆಂದು ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ಎಣಿಸಲು ಮೊಮ್ಮಗಳನ್ನು ಕೂರಿಸುವುದು ಒಳ್ಳೆಯದು. ಕೈ ಊರಿ ಎದ್ದದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ.