ಪ್ಯಾಕೇಜ್ ಎಷ್ಟಪಾ?

ಕಾರಟಗಿಯವರಿಗೆ ಟೆಕ್ನಾಲಜಿ ಗೊತ್ತಿಲ್ಲ ಅಂತ ಯಾರೂ ಹಗುರವಾಗಿ ಮಾತಾಡಬಾರದು. ನವಲಿ ಕಡೆ ನಮ್ಮದೂ ಒಂದು ಪಾರ್ಕ್ ಇದೆ, ರೈಸ್ ಟೆಕ್ನಾಲಜಿ ಪಾರ್ಕ್! ಆದರೆ ಮಗಳಿಗೆ ವರ ಹುಡುಕುವಾಗ ಅದರ ನೆನಪು ಯಾರಿಗೂ ಆಗುವುದಿಲ್ಲ. ಆಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯೇ ನೆನಪಾಗುವುದು.

ನಮ್ಮ ಕಡೆ ವರಗಳಿಗೂ ಗ್ರೇಡಿಂಗ್ ಇದೆ. 371ಜೆ ಸರ್ಟಿಫಿಕೇಟ್ ಹಿಡಿದು ಸರ್ಕಾರಿ ನೌಕರಿ ಗಿಟ್ಟಿಸಿದವನು ಒಂದನೇ ನಂಬರ್. "ಹುಡುಗ ಕಂಪನಿಯಾಗ ಅದಾನ" ಅಂದರೆ ಎರಡನೇ ನಂಬರ್; ಯಾವ ಕಂಪನಿ, ಅಲ್ಲಿ ಏನು ಮಾಡ್ತಾನೆ, ಅದನ್ನು ಕೇಳುವ ರೂಢಿ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹಾಯುವ ಹತ್ತೆಕರೆ ಗದ್ದೆಯಲ್ಲಿ ತಾನೇ ಒಕ್ಕಲುತನ ಮಾಡುವ ಹುಡುಗ ಪಟ್ಟಿಯ ಕೊನೆಗೆ. ಅವನು ಬೆಳೆದ ಸೋನಾ ಮಸೂರಿಯನ್ನೇ ಎರಡನೇ ನಂಬರಿನವನು ಬೆಂಗಳೂರಿನ ಪಿಜಿಯಲ್ಲಿ ಉಣ್ಣುತ್ತಾನೆ, ಅದು ಬೇರೆ ಮಾತು.

ಹಬ್ಬಕ್ಕೆ ಯಶವಂತಪುರದ ರೈಲು ಇಳಿದ ಹುಡುಗ ಹೋಟೆಲಿನಲ್ಲಿ ಒಗ್ಗರಣಿ, ಮಿರ್ಚಿಗೆ ಕೂತರೆ ಸಾಕು, ಯಾರಾದರೊಬ್ಬ ಕಾಕಾ ಪಕ್ಕಕ್ಕೆ ಸರಿದು ಬರುತ್ತಾನೆ.

"ಪ್ಯಾಕೇಜ್ ಎಷ್ಟಪಾ?"

"ಆರು ಲಕ್ಷ ರೀ ಕಾಕಾ."

"ಅಂದ್ರ ತಿಂಗಳಾ ಐವತ್ತು ಸಾವಿರ! ನಿಮ್ಮಪ್ಪ ಗೆದ್ದ ಬಿಡು."

ಹುಡುಗ ಮಿರ್ಚಿ ಕಡಿದು ಸುಮ್ಮನಾಗುತ್ತಾನೆ. ಪ್ಯಾಕೇಜ್ ಅಷ್ಟೂ ಕೈಗೆ ಬರುವುದಿಲ್ಲ ಅನ್ನುವುದನ್ನು ಭತ್ತದ ಊರಿನವರಿಗೆ ತಿಳಿಸಿ ಹೇಳುವುದು ಕಷ್ಟವೇನಲ್ಲ. ಪ್ಯಾಕೇಜ್ ಅನ್ನೋದು ಭತ್ತ, ಕೈಗೆ ಬರೋದು ಅಕ್ಕಿ. ಒಂದು ಕ್ವಿಂಟಲ್ ಭತ್ತ ಗಿರಣಿಗೆ ಹಾಕಿದರೆ 67 ಕಿಲೋ ಅಕ್ಕಿ ಸಿಕ್ಕರೆ ಪುಣ್ಯ. ಉಳಿದದ್ದು ಹೊಟ್ಟು, ತೌಡು. ಕಂಪನಿಯವರು ಪಿಎಫ್, ಗ್ರ್ಯಾಚ್ಯುಟಿ, ವಿಮೆಯ ಕಂತು, ಬಂದರೆ ಬಂತು ಹೋದರೆ ಹೋಯಿತು ಅನ್ನುವ ವೇರಿಯೆಬಲ್, ಎಲ್ಲವನ್ನೂ ತೂಕಕ್ಕೆ ಹಾಕಿಯೇ ಆಫರ್ ಲೆಟರ್ ಬರೆಯುತ್ತಾರೆ. ಹೊಸಬರಿಗಂತೂ ದೊಡ್ಡ ದೊಡ್ಡ ಕಂಪನಿಗಳು ಹದಿನೈದು ವರ್ಷದ ಹಿಂದೆ ಕೊಡುತ್ತಿದ್ದ ಮೂರು, ಮೂರೂವರೆ ಲಕ್ಷವನ್ನೇ ಇವತ್ತಿಗೂ ಹೆಚ್ಚುಕಡಿಮೆ ಕೊಡುತ್ತಿವೆ. ಪಿಜಿ ಬಾಡಿಗೆಗೆ ಮಾತ್ರ ಆ ಸಂಯಮ ಇಲ್ಲ.

2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದಾಗ ಬೆಂಗಳೂರೆಲ್ಲ ಗದ್ದಲ. ನಮ್ಮ ಕಟ್ಟೆಯ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಎ.ಸಿ. ಒಳಗೇನು, ಕೆಸರಿನ್ಯಾಗೇನು?" ಸರದಿಯ ನೀರು ತಿರುವಲು ನಡುರಾತ್ರಿ ಸಲಿಕೆ ಹೊತ್ತು ಹೋದವರಿಗೆ ತಾಸಿನ ಲೆಕ್ಕ ನಗೆ ತರಿಸುತ್ತದೆ. ಹಾಗಂತ ಹುಡುಗರ ಕಷ್ಟ ಸುಳ್ಳಲ್ಲ. ಅಮೆರಿಕದವರು ಎದ್ದು ಕಾಫಿ ಕುಡಿಯುವಾಗ ಇವರು ಊಟದ ತಟ್ಟೆ ಬಿಟ್ಟು ಕಾಲ್‌ಗೆ ಕೂರಬೇಕು.

ನೌಕರಿಯ ನಿಜವಾದ ಸುಖ ಕಂಡದ್ದು 2020ರ ಮಾರ್ಚ್‌ನ ಲಾಕ್‌ಡೌನ್ ನಂತರ, ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಎಲ್ಲರೂ ಊರಿಗೆ ಬಂದಾಗ. ಅವ್ವನ ಕೈ ರೊಟ್ಟಿ, ಬಾಡಿಗೆ ಇಲ್ಲ, ಟ್ರಾಫಿಕ್ ಇಲ್ಲ. ಮನೆಯವರಿಗೂ ಆಗಲೇ ಗೊತ್ತಾಗಿದ್ದು ಮಗ ಏನು ಮಾಡುತ್ತಾನೆಂದು: ಏನೂ ಮಾಡುವುದಿಲ್ಲ, ಕೂತಿರುತ್ತಾನೆ! "ಹೆಂಗೂ ಸುಮ್ನ ಕುಂತಿ, ಹೊಲಕ್ಕ ಬುತ್ತಿ ಕೊಟ್ಟು ಬಾ" ಅನ್ನುತ್ತಿದ್ದಳು ಅವ್ವ. ವಿಡಿಯೋ ಕಾಲ್ ನಡುವೆ ಅಪ್ಪ ಬನಿಯನ್ ಮೇಲೆ ಹಾದುಹೋಗಿ, ಮತ್ತೆ ಹಿಂದಿರುಗಿ, ಪರದೆಯಲ್ಲಿದ್ದ ಮ್ಯಾನೇಜರಿಗೆ ಕೈಮುಗಿದು, "ನಮ್ಮ ಹುಡುಗನ್ನ ಸ್ವಲ್ಪ ನೋಡ್ಕೋರಿ ಸಾಹೇಬ್ರ" ಅಂದ. ಕರೆಂಟ್ ಹೋದಾಗಲೆಲ್ಲ ಕಾಲ್ ಕಡಿದುಹೋಗುತ್ತಿತ್ತು. ಮೀಟಿಂಗ್ ಬೇಡವಾದಾಗಲೂ ಕರೆಂಟೇ ಹೋಗುತ್ತಿತ್ತು ಅನ್ನುವುದನ್ನು ಇಲ್ಲಿ ಬರೆಯಬಾರದಿತ್ತೇನೋ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ಮಂತ್ರಿಗಳು ಓಡಿಬಂದರು, ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ರೈತನ ಆಪತ್ತು ಹೀಗೆ ಊರಿನ ಆಪತ್ತು. ಕಂಪನಿ ಹುಡುಗನ ಆಪತ್ತಿಗೆ ಒಂದು ಇಮೇಲ್ ಸಾಕು; ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಬಂದ್. ಕೆಲಸ ಹೋದದ್ದನ್ನು ಅವನು ಮನೆಗೂ ಹೇಳುವುದಿಲ್ಲ. ಹೇಳಿದರೆ ನಂಬರ್ ಇಳಿಯುತ್ತದಲ್ಲ!

ಒಳ್ಳೆಯದನ್ನೂ ಹೇಳಬೇಕು. ಮಳೆ ಬರಲಿ ಬಿಡಲಿ, ತಿಂಗಳ ಕೊನೆಗೆ ಪಗಾರ ಜಮಾ ಆಗುತ್ತದೆ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ನೀರಾವರಿ ಸಲಹಾ ಸಮಿತಿಯ ಮೀಟಿಂಗ್ ಕಾಯಬೇಕಿಲ್ಲ. ಎಷ್ಟೋ ಕಂಪನಿಗಳ ವಿಮೆ ತಂದೆತಾಯಿಗೂ ಬರುತ್ತದೆ. ಅಪ್ಪನ ಎದೆಗೆ ಸ್ಟೆಂಟ್ ಹಾಕಿಸುವಾಗ ಹೊಲ ಅಡವಿಡುವುದು ತಪ್ಪಿದರೆ ಅದಕ್ಕಿಂತ ದೊಡ್ಡ ಹೈಕ್ ಯಾವುದು? ನಮ್ಮ ಹೆಣ್ಣುಮಕ್ಕಳಿಗಂತೂ ಸ್ವಂತ ದುಡ್ಡಿನ ರುಚಿ ಹತ್ತಿಸಿದ್ದು ಈ ನೌಕರಿಯೇ. ಆದರೆ ಹುಡುಗಿ ಕಂಪನಿಯಲ್ಲಿದ್ದರೆ ಕಾಕಾ ಪ್ಯಾಕೇಜ್ ಕೇಳುವುದಿಲ್ಲ, "ರಾತ್ರಿ ಪಾಳಿ ಐತೇನು?" ಅಂತ ಕೇಳುತ್ತಾನೆ. ಹುಡುಗನಿಗೆ ರಾತ್ರಿ ಪಾಳಿ ಇದ್ದರೆ ಅದು ದೊಡ್ಡ ಹುದ್ದೆ!

ಆದ್ದರಿಂದ ಮಕ್ಕಳನ್ನು ಕಂಪನಿಗೆ ಕಳಿಸಿ, ಗಂಡಾಗಲಿ ಹೆಣ್ಣಾಗಲಿ, ಸಂತೋಷದಿಂದ ಕಳಿಸಿ. ಆದರೆ ದಯವಿಟ್ಟು, ಕಾಲುವೆ ನೀರಿನ ಹೊಲ ಮಾರಿ, ಟ್ಯಾಂಕರ್ ನೀರು ಕೊಳ್ಳುವ ಬೆಂಗಳೂರಿನ ಫ್ಲ್ಯಾಟಿಗೆ ಅಡ್ವಾನ್ಸ್ ಮಾತ್ರ ಕೊಡಬೇಡಿ.