ಕಾವಿಗೆ ಕುಂತೀನಿ, ಕೈ ತಗೀರಿ

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿಯಲ್ಲಿ ಸದ್ಯ ಕಾವಿಗೆ ಕೂತಿರುವ ಈ ಜವಾರಿ ಬಾತುಕೋಳಿಯವರು ಸಂದರ್ಶನ ಕೊಡುವುದಿಲ್ಲ ಎಂದೇ ಮೊದಲು ಹೇಳಿ ಕಳಿಸಿದ್ದರು. ಮಾತಾಡಿಸಲು ಬಂದವರೆಲ್ಲ ನಮಸ್ಕಾರಕ್ಕಿಂತ ಮೊದಲು ಹೊಟ್ಟೆಯ ಕೆಳಗೆ ಕೈ ಹಾಕುತ್ತಾರೆ ಎನ್ನುವುದು ಅವರ ತಕರಾರು. ಕೊನೆಗೆ ಒಪ್ಪಿದ್ದು ಎರಡು ಷರತ್ತಿನ ಮೇಲೆ: ಬುಟ್ಟಿಯಿಂದ ನಾಲ್ಕು ಮಾರು ದೂರ ಕೂರಬೇಕು, ತಾಯ್ತನದ ಮಹಿಮೆಯ ಬಗ್ಗೆ ಒಂದೂ ಪ್ರಶ್ನೆ ಕೇಳಬಾರದು. ಪತ್ರಿಕೆಯವರಿಗೆ ಎರಡನೆಯದು ಕಷ್ಟ. ಅವರ ಮಾತನ್ನು ಆ ಕಡೆಯ ಧಾಟಿಯಲ್ಲೇ ಬಿಟ್ಟಿದೆ. ತಿದ್ದಲು ಹೋದರೆ ಕುಕ್ಕುತ್ತಾರೆ.

ಬಾತುಕೋಳಿ ಕಾವಿಗೆ ಕೂತಾಗ ಮನೆಯವರು ಮಾಡಬೇಕಾದ ಸಹಾಯ ಏನು?

ಸಹಾಯ ಅನ್ನೂ ಮಾತು ಕಿವಿಗೆ ಬಿತ್ತಂದ್ರ ನನ್ನ ಪುಕ್ಕ ನೆಟ್ಟಗಾಗ್ತಾವ. ಸಹಾಯದಾಗ ಎರಡು ಜಾತಿ ಅದಾವ ನೋಡ್ರಿ. ಒಂದು ಬುಟ್ಟಿ ಹೊರಗಿಂದು, ಇನ್ನೊಂದು ಬುಟ್ಟಿ ಒಳಗಿಂದು. ಹೊರಗಿಂದು ಎಷ್ಟು ಮಾಡಿದ್ರೂ ಕಡಿಮಿನೇ. ಮುಂಗುಸಿ, ನಾಯಿ, ಬೆಕ್ಕು ನುಗ್ಗಲಾರದಂಗ ಒಂದು ಬಾಗಲಾ, ಬಿಸಲು ಬೀಳಲಾರದ ಮೂಲಿ, ತಳದಾಗ ಒಣ ಹೊಟ್ಟು, ತಲಿ ಮುಳುಗಿಸೂವಷ್ಟು ನೀರಿನ ಬೋಗಾಣಿ, ಒಂದು ಹಿಡಿ ಜ್ವಾಳ, ಇಷ್ಟಾದ್ರ ನಾ ಮತ್ತೇನೂ ಕೇಳಂಗಿಲ್ಲ. ಒಳಗಿಂದು ನನ್ನ ಖಾತೆ. ಏಳೆಂಟನೇ ದಿನ ಒಂದು ಸಲ, ನಾ ತಿನ್ಲಾಕ ಎದ್ದಾಗ, ಕತ್ತಲಾಗ ಬ್ಯಾಟರಿ ಹಿಡಿದು ತತ್ತಿ ನೋಡ್ರಿ, ರಕ್ತನಾಳ ಕಾಣಲಾರದ್ದನ್ನ ತಗದು ಒಗೀರಿ. ಕೊಳೆತದ್ದು ಒಳಗೇ ಒಡದ್ರ ಉಳಿದದ್ದಕ್ಕೂ ಕೇಡು. ಅದಕ್ಕಿಂತ ಹೆಚ್ಚಿಗಿ ಬ್ಯಾಡ. ಆದ್ರ ನಿಮ್ಮ ಮಂದಿ ಹೊರಗಿನ ಕೆಲಸ ನಾಳೆಗಿಟ್ಟು ಒಳಗಿನ ಕೆಲಸಕ್ಕ ದಿನಾ ಹಾಜರ್ ಇರ್ತಾರ. ಬಾಗಲಿಗೆ ಚಿಲಕಿಲ್ಲ, ತತ್ತಿ ಎಣಿಸ್ಲಾಕ ಮೂರು ಮಂದಿ!

ನಿಮ್ಮ ಕೆಲಸ ಅಂದರೆ ಸುಮ್ಮನೆ ಕೂರುವುದು ತಾನೇ?

ಕೂಡೂಕಿಂತ ಮೊದಲ ಕೂಡದೇ ಇರೂದು ನನ್ನ ಕೆಲಸ. ಇದು ತಿಳಿದ್ರ ಅರ್ಧ ತಕರಾರು ಮುಗೀತದ. ದಿನಕ್ಕ ಒಂದು ತತ್ತಿ ಇಡ್ತೀನಿ, ಅದೂ ನಸಿಕಿನಾಗ. ಇಟ್ಟು, ಹುಲ್ಲು ಮುಚ್ಚಿ, ಎದ್ದು ಹೋಗ್ತೀನಿ. ಹತ್ತು ಹನ್ನೆರಡು ಆಗೂತನ ಕಾವು ಕೊಡಂಗಿಲ್ಲ. ಮೊದಲ ತತ್ತಿ ಇಟ್ಟ ದಿನಾನೇ ಕುಂತಿದ್ರ ಹಿರೇ ಮರಿ ನಡೀಲಾಕ ಹತ್ತಿದಾಗ ಕಿರೀದು ಇನ್ನೂ ಚಿಪ್ಪಿನಾಗ ಇರ್ತಿತ್ತು. ನಾ ಯಾರ ಬೆನ್ನು ಹತ್ಲಿ? ಎಲ್ಲಾಕೂ ಒಂದೇ ದಿನ ಕಾವು ಶುರು ಆದ್ರ 28 ದಿನಕ್ಕ ಹೆಚ್ಚುಕಡಿಮಿ ಒಟ್ಟಿಗೇ ಒಡೀತಾವ. ಕಾವಿಗೆ ಕೂಡೂ ಹೊತ್ತಿಗೆ ಎದಿ ಪುಕ್ಕ ಕಿತ್ತು ಗೂಡಿಗೆ ಹಾಸ್ತೀನಿ. ಮೆತ್ತಗಿರ್ಲಿ ಅಂತಷ್ಟೇ ಅಲ್ಲ, ಪುಕ್ಕ ಹೋದಲ್ಲಿ ಬರೀ ಚರ್ಮ ತತ್ತಿಗೆ ತಾಗಿ ಬಿಸಿ ನೇರ ಇಳೀತದ. ದಿನಾ ಹಲವು ಸಲ ಕೊಕ್ಕಿಲೆ ಹೊಳ್ಳಸ್ತೀನಿ, ಇಲ್ಲಂದ್ರ ಒಳಗಿನ ಜೀವ ಚಿಪ್ಪಿನ ಪದರಿಗೆ ಅಂಟ್ತದ. ದಿನಕ್ಕೊಮ್ಮಿ, ಬಾಳಾದ್ರ ಎರಡು ಸಲ ಎದ್ದು, ತತ್ತಿ ಮ್ಯಾಲ ಪುಕ್ಕ ಎಳದು, ಲಗೂಲಗೂ ತಿಂದು, ನೀರಾಗ ಮೈ ಅದ್ದಿ, ಹಸಿ ಹೊಟ್ಟೀಲೆ ಬಂದು ಕೂಡ್ತೀನಿ. ಆ ಹಸಿ ಹೊಟ್ಟಿ ಕಂಡು ‘ಪಾಪ, ತತ್ತಿಗೆ ಥಂಡಿ ಹತ್ತೀತು’ ಅಂತ ಅರಿವಿ ತಗೊಂಡು ಒರೆಸ್ಲಾಕ ಬರೂ ಮಂದಿ ಅದಾರ! ಯಂತ್ರದಾಗ ಬಾತಿನ ತತ್ತಿ ಇಟ್ಟವ್ರು ದಿನಾ ಬಾಗಲಾ ತಗದು ಆರಿಸಿ, ಉಗುರುಬಿಸಿ ನೀರು ಸಿಂಪಡಸ್ತಾರಲ್ಲ, ಅದು ಈ ಹಸಿ ಹೊಟ್ಟೀದೇ ನಕಲು.

ಇನ್ನ ಸುಮ್ಮ ಕೂಡೂ ವಿಚಾರ. ನಮ್ಮ ಜಿಲ್ಲಾದ ಆಲಮಟ್ಟಿ ಆಣೆಕಟ್ಟಿನೊಳಗ 524.256 ಮೀಟರ್ ತನಕ ನೀರು ನಿಲ್ಲಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರ್‌ದಾಗ ಹೇಳ್ತು. ಅದು ಕಾವಿಗೆ ಕುಂತದ್ದು 2004ರಾಗ. 2013ರಾಗ ಮತ್ತೊಮ್ಮಿ ಹೊಳ್ಳಿಸಿ ನೋಡಿದ್ರು. ಆಮ್ಯಾಲ ಗೆಜೆಟ್ ಅನ್ನೂ ಚಿಪ್ಪು ಒಡೀಲಿ ಅಂತ ವರ್ಷಗಟ್ಟಲೆ ಕಾದವ್ರು, ನನಗ ಮಾತ್ರ 29ನೇ ದಿನಕ್ಕ ‘ಇನ್ನೂ ಯಾಕ ಒಡೀಲಿಲ್ಲ’ ಅಂತ ನೋಟೀಸು ಕೊಡ್ತಾರ.

ಆದರೆ ಕಾವಿಗೆ ಕೂತ ಹಕ್ಕಿ ತತ್ತಿ ಇಡುವುದಿಲ್ಲ. ಸಾಕಿದವರಿಗೆ ನಷ್ಟವಲ್ಲವೇ?

ನಷ್ಟ ಖರೆ, ಮುಚ್ಚಿಡಂಗಿಲ್ಲ. ಮೈಯಾಗ ಪ್ರೊಲ್ಯಾಕ್ಟಿನ್ ಏರಿದಂಗ ತತ್ತಿ ನಿಂದರ್ತದ. ಕೂಡೂದು 28 ದಿನ, ಆಮ್ಯಾಲ ಮರಿ ಜೋಡಿ ಏಳೆಂಟು ವಾರ, ಹೆಚ್ಚುಕಡಿಮಿ ಮೂರು ತಿಂಗಳು. ಈ ನಷ್ಟ ತಪ್ಪಿಸೂದಕ್ಕ ಒಂದು ಶಾಸ್ತ್ರಾನೇ ಬೆಳದದ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮಿಯೊಳಗ ಅಡೆಲ್ ಕ್ಯಾಂಪ್ಬೆಲ್ ಅನ್ನೂ ಬಾಯಿ 19ನೇ ಶತಮಾನದ ಕೊನಿಗೆ ರನ್ನರ್ ಬಾತು, ರೂಆನ್ ಬಾತು ಕೂಡಿಸಿ ತಳಿ ಮಾಡಿದ್ಲು; ಅದೇ ಮುಂದ ಖಾಕಿ ಕ್ಯಾಂಪ್ಬೆಲ್ ಆತು. ವರ್ಷಕ್ಕ 300ರ ಆಜೂಬಾಜೂ ತತ್ತಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಾಗ ಕೇಂದ್ರ ಸರ್ಕಾರದ ಬಾತು ಫಾರ್ಮಿನಾಗೂ ಈ ತಳಿ ಬೆಳಿಸಿದ್ರು. ಆ ಖಾಕಿ ಬಾತಿನ ಮ್ಯಾಲ ನನಗ ಹೊಟ್ಟಿಕಿಚ್ಚಿಲ್ಲ. ಆದ್ರ ಆಕಿ ಕಾವಿಗೆ ಕೂಡೂದು ಅಪರೂಪ. ಯಾಕಂದ್ರ ಕೂತಾಕಿನ ತಳಿಯಿಂದ ತಗದು ತಗದು ಕೂಡಲಾರದಾಕಿನ ಉಳಿಸ್ಯಾರ. ಹಳ್ಳ್ಯಾಗ ಕಾವಿಗೆ ಕುಂತ ಕೋಳಿ ಎಬ್ಬಸ್ಲಾಕ ನೀರಾಗ ಅದ್ದತಾರ, ಮೂಗಿನಾಗ ಪುಕ್ಕ ತೂರಸ್ತಾರ. ಅದು ಸಣ್ಣ ಪ್ರಮಾಣದ ತಳಿ ಸುಧಾರಣಾ ಅನ್ರಿ. ದೊಡ್ಡ ಪ್ರಮಾಣದ್ದು ಫಾರ್ಮಿನಾಗ ಆಗ್ತದ.

ಲೆಕ್ಕದ ಮೋಸ ಎಲ್ಲದ ಅಂದ್ರ, 300 ತತ್ತಿ ಒಂದು ಪುಸ್ತಕದಾಗ ಬರೀತಾರ, ಮುಂದಿನ ಮರಿ ತರೂ ಖರ್ಚು ಬ್ಯಾರೆ ಪುಸ್ತಕದಾಗ: ಯಂತ್ರ, ಕರೆಂಟು, ಮರಿ ಬೆಚ್ಚಗಿಡೂ ಬಲ್ಬು, ನೋಡ್ಕೊಳ್ಳೂ ಆಳು. ಎರಡೂ ಪುಸ್ತಕ ಒಂದೇ ಟೇಬಲ್ ಮ್ಯಾಲ ಯಾವತ್ತೂ ಬರಂಗಿಲ್ಲ. ಮನ್ಯಾಗ ಐದಾರು ಬಾತು ಇಟ್ಟವ್ರಿಗೆ ನನ್ನ ಲೆಕ್ಕ ಹಿಂಗದ. ಜವಾರಿ ಬಾತು ಮೂರು ತಿಂಗಳು ಕುಂತ್ರ 30–40 ತತ್ತಿ ಹೋದೀತು. ಹನ್ನೆರಡರಾಗ ಎಂಟು ಒಡದ್ರೂ ಎಂಟು ಮರಿ ಬೆಳದು ಅಂಗಳಕ್ಕ ಬರ್ತಾವ, ಬಲ್ಬಿನ ಬಿಲ್ಲಿಲ್ಲದ. ಇದರಾಗ ನಷ್ಟ ಯಾರದು ಅಂತ ನೀವೇ ಕೂಡಿಸಿ ನೋಡ್ರಿ.

ಹಾಗಾದರೆ ಇನ್‌ಕ್ಯುಬೇಟರ್ ಬೇಡವೇ?

ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ? ಈಜಿಪ್ತದಾಗ ಸಾವಿರಾರು ವರ್ಷದ ಹಿಂದೇ ಮಣ್ಣಿನ ಒಲಿಮನಿ ಕಟ್ಟಿ ತತ್ತಿ ಒಡಸ್ತಿದ್ರು, ಚೀನಾದಾಗ ಬಿಸಿ ಮಾಡಿದ ಭತ್ತದ ಹೊಟ್ಟಿನಾಗ ಬಾತಿನ ತತ್ತಿ ಇಡೂ ಪದ್ಧತಿ ಅದ. ಭತ್ತದ ಗದ್ದಿಯೊಳಗ ಸಾವಿರ ಬಾತು ಮೇಯಿಸ್ಕೋತ ಊರಿಂದೂರಿಗೆ ಹೋಗೂ ಮಂದಿ ನನ್ನಂಥಾ ನೂರು ಮಂದಿ ಮುಂದ ಕೈಕಟ್ಟಿ ನಿಂದರ್ಲಾಕ ಆಗೂದಿಲ್ಲ. ಅವ್ರಿಗೆ ಯಂತ್ರದ ಮರಿನೇ ಬೇಕು. ನನ್ನ ಜಗಳ ಯಂತ್ರದ ಜೋಡಿ ಅಲ್ಲ, ಹನ್ನೆರಡು ತತ್ತಿ ಇದ್ದವ್ರಿಗೆ ಯಂತ್ರ ಮಾರೂ ಬುದ್ಧಿ ಜೋಡಿ. ಅದು 37.5 ಡಿಗ್ರಿ ಬಿಸಿ ಕೊಡ್ತದ, ಹಸಿ ಕೊಡ್ತದ, ಹೊಳ್ಳಸ್ತದ, ಎಲ್ಲಾ ಖರೆ. ಕರೆಂಟ್ ಹೋದ ರಾತ್ರಿ ಏನು ಮಾಡ್ತದ ಅಂತ ತೋಟದ ವಸ್ತಿ ಮಂದಿನ ಕೇಳ್ರಿ.

ಇನ್ನೊಂದು ಸಂಗತಿ ಅದ. ಒಡಿಯೂ ಮೊದಲೇ ಮರಿ ಚಿಪ್ಪಿನೊಳಗಿಂದ ಚೀಂವ್ ಅಂತಾವ, ನಾ ಹೊರಗಿಂದ ಉತ್ತರ ಕೊಡ್ತೀನಿ. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಅನ್ನೂ ವಿಜ್ಞಾನಿ ಇದರ ಬೆನ್ನು ಹತ್ತಿ ಪರೀಕ್ಷಾ ಮಾಡಿದ. ತನ್ನ ದನಿನೂ ಕೇಳಲಾರದಂಗ, ಒಡಹುಟ್ಟಿದವ್ರ ದನಿನೂ ಕೇಳಲಾರದಂಗ ಬೆಳಿಸಿದ ಬಾತಿನ ಮರಿ ತಾಯಿಬಾತಿನ ಕೂಗಿಗೂ ತಾಯಿಕೋಳಿ ಕೂಗಿಗೂ ಫರಕ್ ಹಿಡೀಲಿಲ್ಲ. ಯಂತ್ರದಾಗೂ ಬಾಜೂ ತತ್ತಿ ಸಪ್ಪಳ ಇರ್ತದಲ್ಲ ಅಂತ ನೀವು ಅಡ್ಡ ಹಾಕ್ತೀರಿ. ಇರ್ತದ. ಕೇಳೂ ಕಿವಿ ತಯಾರಾಗ್ತದ, ಕೂಗೂ ಬಾಯಿ ಇರಂಗಿಲ್ಲ. ಆವಾಗ ಮರಿ ಯಾರ ಬೆನ್ನಾದ್ರೂ ಹತ್ತತಾವ. ಕೊನ್ರಾಡ್ ಲೋರೆಂಜ್ ಸಾಹೇಬ್ರ ಬೆನ್ನು ಹತ್ತಿದ್ದು ಹೆಬ್ಬಾತಿನ ಮರಿ. 1973ರಾಗ ಅವ್ರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಮರಿಗೇನು ಬಂತು?

ಇಲ್ಲಿ ಸಂದರ್ಶಕನ ಮಾತೊಂದನ್ನು ಸೇರಿಸಬೇಕು. ಕಾವಿಗೆ ಕೂತವರು ಕಾವಿನ ಪರ ವಾದಿಸುವಾಗ ಸ್ವಹಿತ ಇದ್ದೇ ಇರುತ್ತದೆ. ಅದನ್ನು ಕಳೆದು ನೋಡಿದರೂ ವಾದದ ತಿರುಳು ಉಳಿಯುತ್ತದೆ. ಸಹಾಯ ಯೋಜನೆಗಳಲ್ಲಿ ಹಂಚಿದ ಮರಿ ಎಣಿಸುವುದು ಸುಲಭ, ಒಂದೇ ದಿನದಲ್ಲಿ, ಫೋಟೊದೊಂದಿಗೆ ಮುಗಿಯುತ್ತದೆ. ಎರಡು ತಿಂಗಳ ನಂತರ ಬದುಕಿ ಉಳಿದ ಮರಿ ಎಣಿಸಲು ಮನೆಮನೆಗೆ ಹೋಗಬೇಕು, ಬಂದ ಅಂಕಿ ಚಿಕ್ಕದಾಗಿರುತ್ತದೆ, ಫೋಟೊಕ್ಕೂ ಒಗ್ಗುವುದಿಲ್ಲ. ಹಾಗಾಗಿ ಯಾವ ಯೋಜನೆಯೇ ಇರಲಿ, ಸಹಾಯವು ಎಣಿಸಲು ಸುಲಭವಾದ ಕಡೆಗೇ ವಾಲುತ್ತದೆ. ಬಾಗಿಲ ಚಿಲಕ ಯಾವ ವರದಿಯ ಯಾವ ಕಲಮಿಗೂ ಬರುವುದಿಲ್ಲ. ಈ ಮಾತು ಹೇಳಿದಾಗ ಅವರು ಕತ್ತು ಹೊರಳಿಸಿ ನೋಡಿದರು. ಒಪ್ಪಿಗೆ ಎಂದೇ ತಿಳಿಯಲಾಗಿದೆ.

ಬಾತಿನ ತತ್ತಿಯನ್ನು ಕೋಳಿಯ ಕೆಳಗಿಡುವ ರೂಢಿಯೂ ಇದೆಯಲ್ಲ?

ಅದ. ಜವಾರಿ ಕೋಳಿ ಛಲಗಾತಿ, ತನ್ನ 21 ದಿನ ಮುಗಿದ ಮ್ಯಾಲೂ ಇನ್ನೊಂದು ವಾರ ಪಿಟ್ಟೆನ್ನಲಾರದ ಕೂಡ್ತಾಳ. ಆದ್ರ ಆಕಿ ನೀರಿಗಿಳಿಯಾಕಿ ಅಲ್ಲ, ಹೊಟ್ಟಿ ಹಸಿ ಇರಂಗಿಲ್ಲ. ತತ್ತಿಗೆ ನೀವೇ ನೀರು ಚಿಮುಕಿಸಬೇಕು. ತತ್ತಿ ದೊಡ್ಡವು, ಆಕಿಗೆ ಹೊಳ್ಳಸ್ಲಾಕ ಆಗದಿದ್ರ ಅದನ್ನೂ ನೀವೇ ಮಾಡಬೇಕು. ಅಲ್ಲಿ ಬುಟ್ಟಿ ಒಳಗ ಕೈ ಹಾಕೂದು ಬೇಕೇ ಬೇಕು. ನನ್ನ ಮಾತಿಗೆ ಅದು ಅಪವಾದ, ಒಪ್ಪತೀನಿ. ಮರಿ ನೀರಿಗೆ ಬಿದ್ದ ದಿನ ಆಕಿ ದಂಡಿ ಮ್ಯಾಲ ಒದರ್ಕೋತ ಓಡ್ಯಾಡೂದು ನೋಡಿ ನೀವು ನಗ್ತೀರಿ. ನಾವು ನಗಂಗಿಲ್ಲ.

ಅಂಥ ತಾಯಿಕರುಳು…

ಷರತ್ತು ಮುರದ್ರಿ. ಇರ್ಲಿ, ಒಮ್ಮೆ ಹೇಳಿ ಬಿಡ್ತೀನಿ. ಕರುಳು ಅನ್ರಿ, ಪ್ರೊಲ್ಯಾಕ್ಟಿನ್ ಅನ್ರಿ, ನನಗ ಎರಡೂ ಒಂದೇ. ಕಾವು ಏರಿದಾಕಿ ಕಲ್ಲು ಇಟ್ರೂ ಕೂಡ್ತಾಳ. ಅದನ್ನ ಹಿಡಕೊಂಡು ತ್ಯಾಗ ಅಂತ ಭಾಷಣ ಮಾಡೂದೂ ತಪ್ಪು, ಹುಚ್ಚು ಅಂತ ಮೂಗಿನಾಗ ಪುಕ್ಕ ತೂರೂದೂ ತಪ್ಪು. ಗಂಡು ಬಾತು ಎಲ್ಲದಾನ ಅಂತ ಇನ್ನೂ ಯಾರೂ ಕೇಳಿಲ್ಲ ನೋಡ್ರಿ.

ಮರಿ ಚಿಪ್ಪಿಗೆ ತೂತು ಮಾಡಿ ಇಡೀ ದಿನವಾದರೂ ಹೊರಬಾರದಿದ್ದರೆ ಬಿಡಿಸಿ ಕೊಡುವುದು ಕರುಣೆಯಲ್ಲವೇ?

ಬಾಳ ಮರಿ ಸಾಯೂದು ಇಲ್ಲೇ, ಕರುಣಾದಿಂದ. ಮರಿ ಮೊದಲ ಚಿಪ್ಪಿನೊಳಗಿನ ಗಾಳಿ ಖೋಲಿಗೆ ಕೊಕ್ಕು ಚುಚ್ಚಿ ಉಸಿರಾಡ್ಲಾಕ ಕಲೀತದ. ಆಮ್ಯಾಲ ಹೊರಗಿನ ಚಿಪ್ಪಿಗೆ ತೂತು. ಆಮ್ಯಾಲ ಸುಮ್ಮ ಬೀಳ್ತದ. ನೀವು ಅದನ್ನ ಸೋತು ಹೋಗ್ಯದ ಅಂತೀರಿ. ಅದು ಆ ಹೊತ್ತಿನಾಗ ಒಳಪದರಿನ ರಕ್ತ ಎಲ್ಲಾ ಮೈಯೊಳಗ ಎಳಕೊಳ್ತಿರ್ತದ, ಉಳಿದ ಹಳದಿ ಹೊಟ್ಟಿಯೊಳಗ ಸೇರಿಸ್ಕೊಳ್ತಿರ್ತದ. ಆವಾಗ ಉಗುರಿಲೆ ಚಿಪ್ಪು ಸುಲದ್ರ ಕೆಂಪಗ ಸೋರ್ತದ, ಮರಿ ಕೈಯಾಗೇ ತಣ್ಣಗಾಗ್ತದ. ತೂತು ಬಿದ್ದ ಮ್ಯಾಲ ಒಂದು ದಿನ, ಒಂದೂವರಿ ದಿನ ಹಿಡಿಯೂದು ರೂಢಿನೇ. ಆ ಹಳದಿ ಹೊಟ್ಟ್ಯಾಗ ಇರೂದಕ್ಕೇ ಮೊದಲ ದಿನ ಏನೂ ತಿನ್ನದಿದ್ರೂ ನಡೀತದ. ಬಾಯಿಗೆ ನುಚ್ಚು ತುರುಕಬ್ಯಾಡ್ರಿ. ಪದರು ಒಣಗಿ ಮೈಗಂಟಿ ಸಿಕ್ಕೊಂಡ ಮರಿ ಇರಂಗಿಲ್ಲೇನು ಅಂದ್ರ, ಇರ್ತಾವ, ಅವಕ್ಕ ಕೈ ಬೇಕಾಗ್ತದ. ಆದ್ರ ಅಂಥಾವು ಹೆಚ್ಚಾಗಿ ಯಂತ್ರದಾಗ, ನೀವು ಗಳಿಗಿಗೊಮ್ಮಿ ಬಾಗಲಾ ತಗದು ಇಣುಕಿ ಹಸಿ ಹಾರಿಸಿದಾಗ ಆಗೂವು. ಮೊದಲ ಸಹಾಯ ಕೆಡಿಸಿದ್ದನ್ನ ಎರಡನೇ ಸಹಾಯ ರಿಪೇರಿ ಮಾಡಬೇಕು.

ಅದೆಲ್ಲ ಸರಿ. ಆದರೆ ಬರದ ಸೀಮೆಯಲ್ಲಿ ಬಾತುಕೋಳಿ ಸಾಕುವುದೇ ಒಂದು ಶೋಕಿ ಅಲ್ಲವೇ?

ವರ್ಷಕ್ಕ 600 ಮಿಲಿಮೀಟರ್ ಆಜೂಬಾಜೂ ಮಳಿ ಬೀಳೂ ಸೀಮಿ, ಒಪ್ಪತೀನಿ. ಆದ್ರ ನನಗ ಕೆರಿ ಬೇಕಂತಿಲ್ಲ, ಕಣ್ಣು ಮೂಗು ತೊಳಕೊಳ್ಳೂವಷ್ಟು ನೀರು ಸಾಕು. ನನ್ನ ಹೆದರಿಕಿ ನೀರಿಲ್ಲದಕ್ಕಲ್ಲ, ಇರೂ ನೀರಿಗೆ. 2014ರಾಗ ಶುರುವಾದ ಕೃಷಿ ಭಾಗ್ಯದಾಗ ಹೊಲಹೊಲಕ್ಕ ಹೊಂಡ ಬಂದ್ವು, ಹೊಂಡಕ್ಕ ಪ್ಲಾಸ್ಟಿಕ್ ತಾಡಪತ್ರಿ. ಮರಿ ಇಳೀಲಾಕ ಬರ್ತದ, ಜಾರೂ ದಂಡಿ ಹತ್ತಲಾಕ ಬರಂಗಿಲ್ಲ. ಈಜಿ ಈಜಿ ಮುಳುಗ್ತದ. ಬಾತಿನ ಮರಿ ನೀರಾಗ ಸತ್ತದ್ದು ಅಂದ್ರ ಯಾರೂ ನಂಬಂಗಿಲ್ಲ. ಒಂದು ಹಲಗಿಗೆ ಗೋಣಿಚೀಲ ಸುತ್ತಿ ದಂಡಿಗೆ ಆನಿಸಿ ಇಟ್ರ ಮುಗೀತು. ಇದು ಬುಟ್ಟಿ ಹೊರಗಿನ ಸಹಾಯ.

ಬ್ಯಾಸಗಿನೂ ಹಂಗೇ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿದಾಗ, ನಾ ಕೂಡೂ ಮೊದಲೇ ತತ್ತಿ ತಾವೇ ಅರ್ಧಂಬರ್ಧ ಎಚ್ಚರಾಗಿ ಕೆಡ್ತಾವ. ಆವಾಗ ತತ್ತಿ ನೀವು ತಿನ್ರಿ, ನಾ ಬೈಯಂಗಿಲ್ಲ. ಮಳಿ ಬಂದು ತಂಪಾದ ಮ್ಯಾಲ ನನ್ನ ಪಾಲು ಬಿಡ್ರಿ. ಇನ್ನ ಎಲ್ಲಾಕಿಂತ ದೊಡ್ಡ ಹೆದರಿಕಿ ಸೇಂಗಾಹಿಂಡೀದು. 1960ರಾಗ ಇಂಗ್ಲೆಂಡಿನಾಗ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿ ಸತ್ವು, ಕಾರಣ ಹೊಳೀದ ‘ಟರ್ಕಿ ಎಕ್ಸ್ ರೋಗ’ ಅಂದ್ರು. ಹುಡುಕಿದ್ರ ಬ್ರೆಜಿಲ್‌ನಿಂದ ಬಂದ ಸೇಂಗಾಹಿಂಡಿ, ಅದರಾಗ ಬೂಜು, ಬೂಜಿನಾಗ ಅಫ್ಲಾಟಾಕ್ಸಿನ್. ಬಾತಿನ ಮರಿಗೆ ಈ ವಿಷ ಎಷ್ಟು ಲಗೂ ಹತ್ತತದ ಅಂದ್ರ, ಹಿಂಡಿಯೊಳಗ ವಿಷ ಅದನೋ ಇಲ್ಲೋ ಅಂತ ತಿಳೀಲಾಕ ವಿಜ್ಞಾನಿಗಳು ನಮ್ಮ ಮರಿಗೇ ತಿನಿಸಿ ನೋಡಿದ್ರು. ಸೇಂಗಾ ಬೆಳಿಯೂ ಸೀಮಿ ಇದು, ಪ್ರೀತಿಲೆ ಮೂಲ್ಯಾಗಿನ ಹಳೇ ಹಿಂಡಿ ತಂದು ಹಾಕ್ತೀರಿ. ಮೂರು ದಿನಕ್ಕ ಮರಿ ಬಿದ್ವಂದ್ರ ಕಣ್ಣು ಹತ್ತಿತು ಅಂತೀರಿ. ಕೋಳಿಮರಿ ಫೀಡ್ ತಂದು ಹಾಕಿದ್ರ ಇನ್ನೊಂದು ತೊಡಕು, ನಮ್ಮ ಮರಿಗೆ ನಯಾಸಿನ್ ಹೆಚ್ಚಿಗಿ ಬೇಕು, ಸಾಲದಿದ್ರ ಕಾಲು ಸೊಟ್ಟ ಆಗ್ತಾವ. ಹುಳ, ಹಸರು ಸೊಪ್ಪು ತಿನ್ಲಾಕ ನನ್ನ ಬೆನ್ನ ಹಿಂದ ಬಿಟ್ರ ಆ ಕೊರತಿ ಬಾಳಷ್ಟು ತುಂಬ್ತದ.

ಒಡೆಯದೆ ಉಳಿದ ತತ್ತಿಗಳ ಗತಿ?

ಮರಿ ಮೈ ಒಣಗಿ ಕಾಲ ಮ್ಯಾಲ ನಿಂತ ಮರುದಿನ ನಾ ಹೊಂಡತೀನಿ, ಉಳಿದದ್ದು ಅಲ್ಲೇ ಬಿಟ್ಟು. ನಿಮ್ಮಂಗ ವಿಚಾರಣಾ ಸಮಿತಿ ಮಾಡಂಗಿಲ್ಲ. ಅವನ್ನ ಒಡೀದಂಗ ಒಯ್ದು ನಾಯಿ ಕೆದರಲಾರದಷ್ಟು ಆಳಕ್ಕ ಹುಗೀರಿ, ಗೂಡಿನ ಹೊಟ್ಟು ಸುಡ್ರಿ, ಬುಟ್ಟಿ ಬಿಸಲಿಗೆ ಹಾಕ್ರಿ. ಮರಿ ಎಷ್ಟು ಅಂತ ಬರಕೊಳ್ಳೂದಿದ್ರ ಮುಂಜಾನಿ ನಾ ಹೊರಗ ಹೋಗೂ ಮೊದಲ ಎಣಿಸ್ರಿ. ಸಂಜಿಗೆ ಮತ್ತೊಮ್ಮಿ ಎಣಿಸಿ ಬಂದ ಫರಕು ಮುಂಗುಸಿ ಹೆಸರಿಗೆ ಬರೀರಿ, ನನ್ನ ಹೆಸರಿಗೆ ಬ್ಯಾಡ.