ಟೈರಿನ ಬೊಜ್ಜು, ಫೆಂಡರಿನ ಪಥ್ಯ

1989ರಲ್ಲಿ ಬಂದ ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರಿಗೆ ಕಾರ್ಖಾನೆಯವರು 185 ಮಿಲಿಮೀಟರ್ ಅಗಲದ ಟೈರು ಕೊಟ್ಟಿದ್ದರೂ, 225ರದನ್ನು ತೊಡಿಸದೆ ಅಮೆರಿಕದ ಕಾರುಪ್ರಿಯನಿಗೆ ಊಟ ಸೇರುವುದಿಲ್ಲ. ತೊಡಿಸಿದ ಮೇಲೆ, ರಸ್ತೆಯ ಉಬ್ಬುಗಳಲ್ಲಿ ಟೈರು ಫೆಂಡರಿಗೆ, ಅಂದರೆ ಚಕ್ರವನ್ನು ಕವಿದಿರುವ ತಗಡಿಗೆ, ಕರಕರನೆ ಉಜ್ಜುವುದರಿಂದ ನಿದ್ದೆಯೂ ಹತ್ತುವುದಿಲ್ಲ. ಬಣ್ಣ ಬಿರಿಯದಂತೆ ಬಿಸಿಗಾಳಿ ಊದುತ್ತ, ಚಕ್ರ ಕಳಚಿದ ಹಬ್‌ಗೆ ಬಿಗಿದ ಉರುಳೆಯಿಂದ ತಗಡಿನ ಒಳಅಂಚನ್ನು ಮೇಲಕ್ಕೆ ಮಡಚುವ ‘ರೋಲಿಂಗ್’ ಇದಕ್ಕೆ ಶಾಸ್ತ್ರೋಕ್ತ ಪರಿಹಾರವಾದರೆ, ಉರುಳೆಗೆ ಕಾಸು ಬಿಚ್ಚಲೊಲ್ಲದವರು ಬೇಸ್‌ಬಾಲ್ ದಾಂಡನ್ನು ಟೈರಿಗೂ ತಗಡಿಗೂ ನಡುವೆ ತುರುಕಿ ಕಾರನ್ನು ಮೆಲ್ಲಗೆ ತಳ್ಳಿಸುತ್ತಾರೆ. ತಳ್ಳಲು ಬಂದ ಭಾವಮೈದುನನ ಉತ್ಸಾಹ ಒಂದು ಗೇಣು ಹೆಚ್ಚಾದರೆ ಫೆಂಡರು ಹೊರಗೆ ಉಬ್ಬಿ, ಬಣ್ಣ ಬಿರಿದು, ಬಿರುಕಿನಲ್ಲಿ ತುಕ್ಕು ಸಂಸಾರ ಹೂಡುತ್ತದೆ. ಮಾಲೀಕನಿಗೆ ಮಾತ್ರ ದುಃಖವಿಲ್ಲ, ಏಕೆಂದರೆ ಉಬ್ಬಿದ ಜಾಗದಲ್ಲಿ 245ರ ಟೈರು ಹಿಡಿಸೀತೇ ಎಂದು ಆತ ಆಗಲೇ ಟೇಪು ಹಿಡಿದು ಕುಕ್ಕರುಗಾಲಿನಲ್ಲಿ ಕೂತಿರುತ್ತಾನೆ.